ಅಮೃತಶಿಲೆಯ ಕಪ್ಪು ಹಕ್ಕಳೆಯನ್ನು ಲೇಸರ್‌ನಿಂದ ಓದುವುದು ಹೇಗೆ

ಅಥೆನ್ಸ್‌ನ ಯಾವುದಾದರೂ ಹಳೆಯ ಮನೆಯ ಬಾಲ್ಕನಿ ಕೆಳಗೆ ನಿಂತು ತಲೆ ಎತ್ತಿ ನೋಡಿ. ಒಂದೇ ಕಲ್ಲಿಗೆ ಎರಡು ಬಣ್ಣ ಇರುತ್ತದೆ. ಮಳೆ ನೇರವಾಗಿ ಬೀಳುವ ಕಡೆ ಅಮೃತಶಿಲೆ ಬೆಳ್ಳಗಿರುತ್ತದೆ, ಮುಟ್ಟಿದರೆ ಸಕ್ಕರೆಯ ಹಾಗೆ ಹರಳು ಹರಳಾಗಿ ಉದುರುತ್ತದೆ. ಬಾಲ್ಕನಿಯ ಅಡಿಯಲ್ಲಿ, ಕೆತ್ತನೆಯ ಸಂದಿಗಳಲ್ಲಿ, ತೇವ ತಾಗಿದರೂ ನೀರು ಹರಿಯದ ಕಡೆ ಕಪ್ಪು ಹಕ್ಕಳೆ ಕಟ್ಟಿರುತ್ತದೆ. ನಾನು ಓದುವುದು ಈ ಹಕ್ಕಳೆಯನ್ನು.

ನಾನು ಭೌತಶಾಸ್ತ್ರ ಓದಿ ಈ ಕೆಲಸಕ್ಕೆ ಬಂದವಳು. ಕೆಡವಿದ ಮನೆಯೊಂದರ ಬಾಲ್ಕನಿಗೆ ಆಸರೆಯಾಗಿದ್ದ ಕಲ್ಲಿನ ತುಂಡು ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತದೆ. ಅದರ ಮೇಲೆ ಎಲೆಯೊಂದರ ಕೆತ್ತನೆ ಇದೆ. ಎಲೆಯ ಮೇಲ್ಭಾಗ ಮಳೆಗೆ ತೊಳೆದು ಸವೆದಿದೆ, ಅದರ ಮಡಿಕೆಯ ಅಡಿಯಲ್ಲಿ ದಪ್ಪ ಹಕ್ಕಳೆ ಇದೆ, ಹಿಂಬದಿ ಮುರಿದಿರುವುದರಿಂದ ಒಳಗಿನ ತಾಜಾ ಕಲ್ಲೂ ಕಾಣುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ತುಂಡು ಸಿಗುವುದಿಲ್ಲ. ನೀವೂ ಇಂಥದ್ದೇ ಒಂದನ್ನು ಹುಡುಕಿಟ್ಟುಕೊಳ್ಳಿ. ಯಾರಿಗೂ ಬೇಡವಾದ ಕಲ್ಲಿನ ಮೇಲೆ ಕೈ ಪಳಗಿದ ಮೇಲೆಯೇ ಶಿಲ್ಪದ ಹತ್ತಿರ ಹೋಗಬೇಕು.

ಹಕ್ಕಳೆಯಲ್ಲಿ ಏನೇನಿದೆ ಎಂದು ಹೇಳುವುದು ಸುಲಭ. ಅದು ಎಲ್ಲಿ ಮುಗಿಯುತ್ತದೆ, ಕಲ್ಲಿನ ಸ್ವಂತ ಚರ್ಮ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಕೊಳೆ ತೆಗೆಯುವವರಿಗೆ ಬೇಕಾಗಿರುವುದು ಈ ಎರಡನೆಯ ಉತ್ತರ. ಕೆಳಗೆ ಬರೆದಿರುವುದೆಲ್ಲ ಆ ಉತ್ತರಕ್ಕಾಗಿ.

ಮೊದಲು ಹಕ್ಕಳೆ ಏನೆಂದು ತಿಳಿಯಿರಿ

ಅಮೃತಶಿಲೆ ಅಂದರೆ ಹೆಚ್ಚೂ ಕಡಿಮೆ ಪೂರ್ತಿ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಎಣ್ಣೆ ಉರಿದಾಗ ಗಂಧಕದ ಡೈಆಕ್ಸೈಡ್ ಗಾಳಿಗೆ ಬರುತ್ತದೆ. ಅದು ಕಲ್ಲಿನ ಮೇಲಿನ ತೇವದಲ್ಲಿ ಸೇರಿ ಸಲ್ಫ್ಯೂರಿಕ್ ಆಮ್ಲವಾಗುತ್ತದೆ. ಧೂಳಿನಲ್ಲಿರುವ ಕಬ್ಬಿಣದಂಥ ಲೋಹಗಳು ಈ ಬದಲಾವಣೆಗೆ ವೇಗ ಕೊಡುತ್ತವೆ. ಆಮ್ಲ ತಾಗಿದ ಕ್ಯಾಲ್ಸೈಟ್ ಜಿಪ್ಸಂ ಆಗುತ್ತದೆ. ಜಿಪ್ಸಂ ಬೆಳೆಯುವಾಗ ಮಸಿ, ಹಾರುಬೂದಿ, ಮಣ್ಣಿನ ಕಣಗಳನ್ನು ತನ್ನ ಹರಳುಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ. ಕಪ್ಪು ಬಣ್ಣ ಬರುವುದು ಅವುಗಳಿಂದ. ಶುದ್ಧ ಜಿಪ್ಸಂ ಬಿಳಿ.

ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಂಗಿಂತ ಜಾಸ್ತಿ ಕರಗುತ್ತದೆ. ಕ್ಯಾಲ್ಸೈಟ್ ಕರಗುವುದು ಅದರ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೇ ಮಳೆ ಬೀಳುವ ಕಡೆ ಹಕ್ಕಳೆ ನಿಲ್ಲುವುದಿಲ್ಲ, ಕಲ್ಲೇ ಸ್ವಲ್ಪ ಸ್ವಲ್ಪ ಹೊರಟುಹೋಗುತ್ತದೆ. ಇನ್ನೊಂದು ವಿಷಯ, ಅಷ್ಟೇ ಕ್ಯಾಲ್ಸಿಯಂ ಜಿಪ್ಸಂ ಆದಾಗ ಸುಮಾರು ಎರಡು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಹಕ್ಕಳೆ ಉಬ್ಬುತ್ತದೆ, ಒಡೆಯುತ್ತದೆ, ಕೀಳುವಾಗ ಕೆತ್ತನೆಯನ್ನೂ ಹಿಡಿದುಕೊಂಡೇ ಬರುತ್ತದೆ. ಹಕ್ಕಳೆ ಸುಮ್ನೆ ಮೇಲೆ ಕೂತ ಕೊಳೆ ಅಲ್ಲ, ಅದರ ತಳದ ಭಾಗ ಒಂದು ಕಾಲಕ್ಕೆ ಕಲ್ಲೇ ಆಗಿತ್ತು. ಶಿಲ್ಪಿ ಕೆತ್ತಿದ ಮೇಲ್ಮೈ ಎಷ್ಟೋ ಸಲ ಈ ಜಿಪ್ಸಂ ಪದರದ ಒಳಗೇ ಇರುತ್ತದೆ.

ನಮ್ಮ ಹಳೇಬೀಡಿನ ಬಳಪದ ಕಲ್ಲಿಗೋ ಹಂಪಿಯ ಗ್ರಾನೈಟ್‌ಗೋ ಈ ಲೆಕ್ಕವನ್ನು ಹಾಗೇ ಹಾಕಬೇಡಿ. ಅವು ಸಿಲಿಕೇಟ್ ಕಲ್ಲುಗಳು. ಅಲ್ಲಿ ಸಿಲಿಕಾನ್ ಕಂಡರೆ ಅದು ಕಲ್ಲಿನದು, ಇಲ್ಲಿ ಸಿಲಿಕಾನ್ ಕಂಡರೆ ಅದು ಬಹುಪಾಲು ಧೂಳಿನದು. ಓದುವ ರೀತಿಯೇ ತಲೆಕೆಳಗಾಗುತ್ತದೆ.

ಎಲ್ಲಿ ಅಳೆಯಬೇಕು

ಲೇಸರ್ ಆನ್ ಮಾಡುವ ಮೊದಲು ಕಲ್ಲನ್ನು ಪಕ್ಕದಿಂದ ಬೀಳುವ ಬೆಳಕಿನಲ್ಲಿ ನೋಡಿ. ಉಬ್ಬು, ಬಿರುಕು, ಉಳಿಯ ಗುರುತು ಆಗ ಎದ್ದು ಕಾಣುತ್ತವೆ. ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಫೋಟೋದ ಮೇಲೆಯೇ ಬಿಂದುಗಳನ್ನು ಗುರುತು ಮಾಡಿ ಹೆಸರು ಕೊಡಿ. ದಪ್ಪ ಹಕ್ಕಳೆ, ತೆಳು ಹಕ್ಕಳೆ, ಮಳೆಗೆ ತೊಳೆದ ಜಾಗ, ಬರೀ ಬೂದು ಧೂಳು ಕೂತ ಜಾಗ, ಮುರಿದ ಕಡೆಯ ತಾಜಾ ಕಲ್ಲು, ಇಷ್ಟೂ ಇರಲಿ.

ತಾಜಾ ಕಲ್ಲಿನ ಬಿಂದುವನ್ನು ಯಾವ ಕಾರಣಕ್ಕೂ ಬಿಡಬೇಡಿ. ಅಥೆನ್ಸ್‌ನ ಕಟ್ಟಡಗಳಲ್ಲಿ ಜಾಸ್ತಿ ಸಿಗುವುದು ನಗರದ ಈಶಾನ್ಯಕ್ಕಿರುವ ಪೆಂಟೆಲಿಕಾನ್ ಬೆಟ್ಟದ ಅಮೃತಶಿಲೆ. ಕ್ರಿ.ಪೂ. 447ರಿಂದ 432ರವರೆಗೆ ಕಟ್ಟಿದ ಪಾರ್ಥೆನಾನ್ ದೇಗುಲ ಕೂಡ ಅದೇ ಕಲ್ಲು. ಅದರಲ್ಲಿ ಅಭ್ರಕದ ಎಳೆಗಳಿವೆ, ಸ್ವಲ್ಪ ಕಬ್ಬಿಣವೂ ಇದೆ. ಹಳೆಯ ಪೆಂಟೆಲಿಕ್ ಕಲ್ಲಿಗೆ ಬರುವ ಹೊಂಬಣ್ಣಕ್ಕೆ ಆ ಕಬ್ಬಿಣವೂ ಒಂದು ಕಾರಣ. ಅಭ್ರಕದಲ್ಲಿ ಸಿಲಿಕಾನ್, ಅಲ್ಯುಮಿನಿಯಂ, ಪೊಟ್ಯಾಸಿಯಂ ಇರುತ್ತವೆ. ತಾಜಾ ಕಲ್ಲಿನಲ್ಲಿ ಇವು ಎಷ್ಟಿವೆ ಅಂತ ಗೊತ್ತಿಲ್ಲದೆ ಹೊರಗಿನ ಧೂಳನ್ನು ಲೆಕ್ಕ ಹಾಕೋದು ಹೇಗೆ, ಅಲ್ವಾ? ನನ್ನ ಮೇಜಿನ ತುಂಡಿನ ಮುರಿದ ಬದಿಯಲ್ಲಿ ಹಸಿರು ಮಿಶ್ರಿತ ಅಭ್ರಕದ ಎಳೆಯೊಂದು ಕಣ್ಣಿಗೇ ಕಾಣುತ್ತದೆ. ಆ ಎಳೆಯ ಮೇಲೊಂದು, ಬಿಳಿ ಭಾಗದ ಮೇಲೊಂದು ಅಂತ ಎರಡು ಬಿಂದು ಇಟ್ಟುಕೊಂಡಿದ್ದೇನೆ.

ರಾಮನ್ ಮೊದಲು

ಲೇಸರ್ ಬಳಸುವ ಎರಡು ವಿಧಾನ ನಮಗೆ ಬೇಕು. ಒಂದು ರಾಮನ್. ಕಲ್ಲಿನ ಮೇಲೆ ಮೆತ್ತಗೆ ಬೆಳಕು ಬಿಟ್ಟು, ಚದುರಿ ಬಂದ ಬೆಳಕಿನಲ್ಲಿ ಬಣ್ಣ ಎಷ್ಟು ಜಾರಿದೆ ಎಂದು ನೋಡುವುದು. ಬೆಳಕನ್ನು ಬಿಡಿಸಿದ ಚಿತ್ರವೇ ಸ್ಪೆಕ್ಟ್ರಮ್, ಅದರಲ್ಲಿ ಎದ್ದು ನಿಲ್ಲುವ ಒಂದೊಂದು ತುದಿಯನ್ನೂ ಇಲ್ಲಿ ಗೆರೆ ಎನ್ನುತ್ತೇನೆ. ಅದರಿಂದ ಯಾವ ಖನಿಜ ಎಂದು ಗೊತ್ತಾಗುತ್ತದೆ. ಇನ್ನೊಂದು ಲಿಬ್ಸ್ (ಲೇಸರ್ ಇಂಡ್ಯೂಸ್ಡ್ ಬ್ರೇಕ್‌ಡೌನ್ ಸ್ಪೆಕ್ಟ್ರೋಸ್ಕೋಪಿ). ಬಲವಾದ ಪಲ್ಸ್ (ಕ್ಷಣಮಾತ್ರದ ಬೆಳಕಿನ ಹೊಡೆತ) ಹೊಡೆದು ಚೂರು ಕಲ್ಲನ್ನು ಪ್ಲಾಸ್ಮಾ (ಹೊಳೆಯುವಷ್ಟು ಬಿಸಿಯಾದ ಅನಿಲ) ಮಾಡಿ, ಆ ಕಿಡಿಯ ಬೆಳಕನ್ನು ಬಿಡಿಸಿ ನೋಡುವುದು. ಅದರಿಂದ ಯಾವ ಮೂಲವಸ್ತು ಎಂದು ಗೊತ್ತಾಗುತ್ತದೆ. ರಾಮನ್ ಸರಿಯಾಗಿ ಮಾಡಿದರೆ ಕಲ್ಲಿಗೆ ಏನೂ ಆಗುವುದಿಲ್ಲ. ಲಿಬ್ಸ್ ಸಣ್ಣ ಗುಳಿ ಬಿಟ್ಟೇ ಬಿಡುತ್ತದೆ. ಆದ್ದರಿಂದ ಪ್ರತಿ ಬಿಂದುವಿನಲ್ಲೂ ರಾಮನ್ ಮೊದಲು, ಲಿಬ್ಸ್ ನಂತರ.

1928ರಲ್ಲಿ ಕಲ್ಕತ್ತಾದಲ್ಲಿ ಈ ಪರಿಣಾಮ ಕಂಡ ಸಿ.ವಿ. ರಾಮನ್ 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲೇ ಇದ್ದರು. ಗ್ರೀಸ್‌ನ ಶಿಲ್ಪದ ಪಕ್ಕ ನಿಂತು ದಿನವೂ ಅವರ ಹೆಸರು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ.

ನಾನು 785 ನ್ಯಾನೋಮೀಟರ್ ಲೇಸರ್‌ನಿಂದ ಶುರು ಮಾಡುತ್ತೇನೆ. ಹಸಿರು ಲೇಸರ್ ಹಾಕಿದರೆ ಹಕ್ಕಳೆಯಲ್ಲಿರುವ ಸಾವಯವ ವಸ್ತುಗಳು ಹೊಳೆದು ಗೆರೆಗಳನ್ನೆಲ್ಲ ಮುಚ್ಚಿಹಾಕುವುದು ಜಾಸ್ತಿ. ಶಕ್ತಿ 1 ಮಿಲಿವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಇರಲಿ. ಮಸಿ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಪಕ್ಕದ ಜಿಪ್ಸಂ ಆ ಬಿಸಿಗೆ ನೀರು ಕಳೆದುಕೊಂಡು ಬೇರೆ ಖನಿಜವೇ ಆಗಿಬಿಡಬಹುದು. ಜಿಪ್ಸಂನ ಮುಖ್ಯ ಗೆರೆ 1008ರಲ್ಲಿ ಇರಬೇಕು (ಇಲ್ಲಿ ರಾಮನ್ ಅಂಕಿಗಳೆಲ್ಲ ಪ್ರತಿ ಸೆಂಟಿಮೀಟರ್‌ಗೆ). ಅದು 1015ರ ಕಡೆಗೆ ಜರುಗುತ್ತಿದ್ದರೆ ತಕ್ಷಣ ಶಕ್ತಿ ಇಳಿಸಿ. ಕಬ್ಬಿಣದ ಖನಿಜಗಳಿಗೂ ಇದೇ ಮಾತು. ಹಳದಿ ಗೋಥೈಟ್ ಬಿಸಿಗೆ ಕೆಂಪು ಹೆಮಟೈಟ್ ಆಗುತ್ತದೆ. ಆಮೇಲೆ ಅದು ಮೊದಲೇ ಅಲ್ಲಿತ್ತೋ, ನಾವು ಮಾಡಿದ್ದೋ ಎಂದು ಹೇಳಲಾಗುವುದಿಲ್ಲ.

ಕ್ಯಾಲ್ಸೈಟ್ 1086ರಲ್ಲಿ ಬಲವಾಗಿ, 712 ಮತ್ತು 282ರಲ್ಲಿ ಸಣ್ಣದಾಗಿ ಕಾಣುತ್ತದೆ. ಮಸಿ 1350 ಮತ್ತು 1590ರ ಸುತ್ತ ಎರಡು ಅಗಲವಾದ ದಿಬ್ಬಗಳನ್ನು ಕೊಡುತ್ತದೆ. ಮರಳಿನ ಕ್ವಾರ್ಟ್ಜ್ 464ರಲ್ಲಿ.

ಇನ್ನು ಮುಖ್ಯವಾದದ್ದು. 1463 ಮತ್ತು 1490ರಲ್ಲಿ ಜೋಡಿ ಗೆರೆ ಕಂಡರೆ ಅದು ವೆವೆಲೈಟ್, 1475ರ ಸುಮಾರಿಗೆ ಒಂಟಿ ಗೆರೆ ಕಂಡರೆ ವೆಡೆಲೈಟ್. ಎರಡೂ ಕ್ಯಾಲ್ಸಿಯಂ ಆಕ್ಸಲೇಟ್‌ಗಳು. 960ರಲ್ಲಿ ಗೆರೆ ಇದ್ದರೆ ಅಪಟೈಟ್, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಇವು ಕೊಳೆ ಅಲ್ಲ. ಪಾರ್ಥೆನಾನ್‌ನ ಕಲ್ಲುಗಳ ಮೇಲೆ ಕಿತ್ತಳೆ-ಕಂದು ಬಣ್ಣದ ಹಳೆಯ ತೆಳು ಪದರ ಇದೆ, ಅದರಲ್ಲಿ ಆಕ್ಸಲೇಟ್ ಮತ್ತು ಫಾಸ್ಫೇಟ್ ಸಿಕ್ಕಿವೆ. ಇಂಥ ಪದರ ಉಳಿದಿರುವ ಕಡೆ ಅದರ ಕೆಳಗೆ ಉಳಿಯ ಗುರುತೂ ಉಳಿದಿರುತ್ತದೆ. ಹಕ್ಕಳೆಯ ಅಡಿಯಲ್ಲಿ ಈ ಗೆರೆಗಳು ಕಂಡರೆ ನಿಮ್ಮ ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಕೊಳೆ ತೆಗೆಯುವ ಕೆಲಸ ನಿಲ್ಲಬೇಕಾದ ಜಾಗ ಅದು.

ಬಣ್ಣದ ವಿಷಯದಲ್ಲೂ ಜಾಗ್ರತೆ ಬೇಕು. ಗ್ರೀಕ್ ಶಿಲ್ಪಗಳಿಗೆ ಬಣ್ಣ ಬಳಿಯುತ್ತಿದ್ದರು. ಪಾರ್ಥೆನಾನ್ ಶಿಲ್ಪಗಳ ಮೇಲೂ ಈಜಿಪ್ಷಿಯನ್ ನೀಲಿಯ, ಅಂದರೆ ತಾಮ್ರ ಸೇರಿದ ಪ್ರಾಚೀನ ನೀಲಿ ಬಣ್ಣದ, ಕಣಗಳು ಸಿಕ್ಕಿವೆ. ಆ ನೀಲಿಯ ಬಲವಾದ ಗೆರೆಗಳಲ್ಲಿ ಒಂದು 1085ರ ಸುತ್ತ, ಕ್ಯಾಲ್ಸೈಟ್‌ನ ಗೆರೆಯ ಮೇಲೇ ಕೂರುತ್ತದೆ. ಹಾಗಾಗಿ 430ರ ಗೆರೆಯನ್ನೂ ಹುಡುಕಬೇಕು.

ಲಿಬ್ಸ್: ಹೊಡೆಯುವ ಮೊದಲು

ಸಾಮಾನ್ಯವಾಗಿ ಬಳಸುವುದು 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್. ಪಲ್ಸ್‌ನ ಉದ್ದ 5ರಿಂದ 10 ನ್ಯಾನೋಸೆಕೆಂಡ್, ಶಕ್ತಿ ಹತ್ತು ಮಿಲಿಜೌಲ್ ಆಸುಪಾಸು ಸಾಕು. ಸುರಕ್ಷತೆಯ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಇದು ನಾಲ್ಕನೇ ವರ್ಗದ ಲೇಸರ್, ಅದರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಪಾಲಿಶ್ ಇರುವ ಅಮೃತಶಿಲೆಯಿಂದ ಚಿಮ್ಮಿ ಬಂದ ಕಿರಣವೂ ಕಣ್ಣು ತೆಗೆಯಬಲ್ಲದು. ನಿಮ್ಮ ಲೇಸರ್‌ನ ತರಂಗಾಂತರಕ್ಕೇ ಮಾಡಿದ ಕನ್ನಡಕ ಕೋಣೆಯಲ್ಲಿರುವ ಎಲ್ಲರಿಗೂ ಇರಲಿ, ಬಾಗಿಲಿಗೆ ಚಿಲಕ ಇರಲಿ. ಏಣಿ ಕಟ್ಟಿ ಹೊರಗೆ ಮಾಡುವಾಗ ಸುತ್ತಲೂ ಪರದೆ ಕಟ್ಟಿ. ಹಕ್ಕಳೆಯಲ್ಲಿ ಸೀಸ ಇರಬಹುದು, ಸಿಡಿಯುವ ಪುಡಿ ಬಹಳ ನುಣುಪು. ಮಾಸ್ಕ್ ಮತ್ತು ಹೀರುವ ಕೊಳವೆ ಇಲ್ಲದೆ ಶುರು ಮಾಡಬೇಡಿ.

ಲೆನ್ಸ್‌ನ ಫೋಕಸ್ ಮೇಲ್ಮೈಗಿಂತ ಸ್ವಲ್ಪ ಒಳಗೆ ಬೀಳುವ ಹಾಗೆ ಇಡಿ. ಮೇಲ್ಮೈಗಿಂತ ಮುಂದೆ ಬಿದ್ದರೆ ಗಾಳಿಯಲ್ಲೇ ಕಿಡಿ ಹೊತ್ತಿ ಕಲ್ಲಿಗೆ ಶಕ್ತಿ ಸರಿಯಾಗಿ ತಲುಪುವುದಿಲ್ಲ. ಪಲ್ಸ್ ಬಿದ್ದ ತಕ್ಷಣ ಪ್ಲಾಸ್ಮಾ ಎಲ್ಲ ಬಣ್ಣದಲ್ಲೂ ಹೊಳೆಯುತ್ತದೆ, ಆಗ ಗೆರೆಗಳು ಕಾಣುವುದಿಲ್ಲ. ಸುಮಾರು 1 ಮೈಕ್ರೋಸೆಕೆಂಡ್ ಕಾದು ದಾಖಲಿಸಲು ಶುರು ಮಾಡಿದರೆ ಗೆರೆಗಳು ಚೊಕ್ಕವಾಗಿ ಬರುತ್ತವೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. 1970ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಜಾನ್ ಆಸ್ಮಸ್ ವೆನಿಸ್‌ನಲ್ಲಿ ಶಿಲ್ಪಗಳ ಹೊಲೋಗ್ರಾಂ (ಲೇಸರ್‌ನಿಂದ ತೆಗೆಯುವ ಮೂರು ಆಯಾಮದ ಚಿತ್ರ) ತೆಗೆಯುವ ಕೆಲಸಕ್ಕೆ ಹೋಗಿದ್ದಾಗ, ಲೇಸರ್ ಕಪ್ಪು ಹಕ್ಕಳೆಯನ್ನು ಕಿತ್ತು ಬಿಳಿ ಕಲ್ಲನ್ನು ಬಿಡುತ್ತದೆ ಎಂದು ಕಂಡುಕೊಂಡರು. ಕಪ್ಪು ಬಣ್ಣ ಬೆಳಕನ್ನು ಹೀರುತ್ತದೆ, ಬಿಳಿ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಸರಿಯಾದ ಶಕ್ತಿಯಲ್ಲಿ ಕೆಲಸ ತಾನಾಗಿಯೇ ನಿಲ್ಲುತ್ತದೆ. ಲೇಸರ್‌ನಿಂದ ಕೊಳೆ ತೆಗೆಯುವ ಕಲೆ ನಿಂತಿರುವುದೇ ಇದರ ಮೇಲೆ. ಆದರೆ ಲಿಬ್ಸ್‌ನಲ್ಲಿ ಈ ರಕ್ಷಣೆ ಇಲ್ಲ. ಲೆಕ್ಕ ಮಾಡಿ ನೋಡಿ: 10 ಮಿಲಿಜೌಲ್‌ನ್ನು 200 ಮೈಕ್ರಾನ್ ಅಗಲದ ಚುಕ್ಕೆಗೆ ಇಳಿಸಿದರೆ ಚದರ ಸೆಂಟಿಮೀಟರ್‌ಗೆ ಸುಮಾರು 30 ಜೌಲ್ ಆಯಿತು. ಕೊಳೆ ತೆಗೆಯುವಾಗ ಬಳಸುವುದು ಅದರ ಒಂದು ಸಣ್ಣ ಪಾಲು. 30 ಜೌಲ್‌ಗೆ ಕಪ್ಪು, ಬಿಳಿ ಎಂಬ ಭೇದ ಇಲ್ಲ, ಅದು ಕಲ್ಲನ್ನೂ ಕೊರೆಯುತ್ತದೆ. ನಿಲ್ಲಿಸುವವರು ನೀವೇ ಆಗಬೇಕು.

ಒಂದೊಂದು ಹೊಡೆತವೂ ಬೇರೆ ಬೇರೆ

ಒಂದೇ ಬಿಂದುವಿಗೆ ಒಂದರ ಮೇಲೊಂದು ಪಲ್ಸ್ ಹೊಡೆಯುತ್ತಾ ಹೋದರೆ ಪ್ರತಿ ಹೊಡೆತ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಪ್ರತಿಯೊಂದರ ಸ್ಪೆಕ್ಟ್ರಮ್ ಬೇರೆಯಾಗಿ ಉಳಿಸಿ. ಹತ್ತು ಹೊಡೆತ ಸೇರಿಸಿ ಸರಾಸರಿ ತೆಗೆಯುವ ಆಯ್ಕೆ ಸಾಫ್ಟ್‌ವೇರ್‌ನಲ್ಲಿ ಆನ್ ಆಗಿದ್ದರೆ ಆಫ್ ಮಾಡಿ. ನಮಗೆ ಬೇಕಾದ ಪದರ ಆ ಸರಾಸರಿಯಲ್ಲೇ ಕಳೆದುಹೋಗುತ್ತದೆ.

ಹಕ್ಕಳೆಯ ಸುಳಿವು ಕೊಡುವ ಗೆರೆಗಳು ಇವು, ಎಲ್ಲ ನ್ಯಾನೋಮೀಟರ್‌ನಲ್ಲಿ. ಸಿಲಿಕಾನ್ 288.16. ಅಲ್ಯುಮಿನಿಯಂ 308.22. ಅಲ್ಯುಮಿನಿಯಂಗೆ 309.27 ಕೂಡ ಬಲವಾದ ಗೆರೆ, ಆದರೆ ಎಣ್ಣೆ ಉರಿದ ಬೂದಿಯಲ್ಲಿ ವೆನೇಡಿಯಂ ಇದ್ದರೆ ಅದರ ಗೆರೆಯೂ ಅಲ್ಲೇ ಬಂದು ಕೂರುತ್ತದೆ. ಅಲ್ಯುಮಿನಿಯಂನ 396.15ರ ಗೆರೆ ಕ್ಯಾಲ್ಸಿಯಂನ 396.85ರ ಅಬ್ಬರದಲ್ಲಿ ಮುಳುಗಿಹೋಗುತ್ತದೆ. ಕಬ್ಬಿಣಕ್ಕೆ 371.99 ಮತ್ತು 373.49. ಟೈಟೇನಿಯಂ 334.94. ಸೀಸ 405.78, ಪೆಟ್ರೋಲ್‌ಗೆ ಸೀಸ ಸೇರಿಸುತ್ತಿದ್ದ ಕಾಲದ ಹಕ್ಕಳೆಯಲ್ಲಿ ಇದನ್ನು ತಪ್ಪದೆ ಹುಡುಕಿ. ತಾಮ್ರ 324.75 ಮತ್ತು 327.40. ತಾಮ್ರ ಕಂಡರೆ ಅದೇ ಬಿಂದುವಿನಲ್ಲಿ ಇನ್ನೊಂದು ಹೊಡೆತ ಬೇಡ. ಮೇಲೆಲ್ಲೋ ಕಂಚಿನ ಕೊಂಡಿಯಿಂದ ನೀರು ಇಳಿದಿರಬಹುದು, ಅಥವಾ ಈಜಿಪ್ಷಿಯನ್ ನೀಲಿಯ ಕಣ ಇರಬಹುದು. ಮೈಕ್ರೋಸ್ಕೋಪ್‌ನಲ್ಲಿ ನೋಡಿ ಆಮೇಲೆ ತೀರ್ಮಾನಿಸಿ.

ಗೆರೆಯ ಎತ್ತರವನ್ನು ಹಾಗೇ ನಂಬಬೇಡಿ. ಮೇಲ್ಮೈ ಒರಟು, ಬಣ್ಣ ಬದಲಾಗುತ್ತದೆ, ಹಾಗಾಗಿ ಪ್ಲಾಸ್ಮಾ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂನ ಒಂದು ಗೆರೆಯಿಂದ ಭಾಗಿಸುತ್ತೇವೆ. ಯಾವ ಗೆರೆ ಎಂಬುದು ಮುಖ್ಯ. ಎಲ್ಲಕ್ಕಿಂತ ಎದ್ದು ಕಾಣುವ 393.37, 396.85, 422.67 ಗೆರೆಗಳನ್ನು ಬಿಡಿ. ಕಲ್ಲಿನಲ್ಲಿ ಕ್ಯಾಲ್ಸಿಯಂ ತುಂಬಿರುವುದರಿಂದ ಆ ಬೆಳಕನ್ನು ಪ್ಲಾಸ್ಮಾ ತಾನೇ ಹೀರಿಕೊಳ್ಳುತ್ತದೆ, ಗೆರೆಯ ತುದಿ ಚಪ್ಪಟೆಯಾಗುತ್ತದೆ. ನಾನು ನೆಚ್ಚುವುದು 430.25 ಅಥವಾ 317.93ನ್ನು. ನೋಡಲು ಅಷ್ಟು ಜೋರಾಗಿಲ್ಲ, ಆದರೆ ಲೆಕ್ಕಕ್ಕೆ ನಿಲ್ಲುತ್ತವೆ.

ಈಗ ಹೊಡೆತದ ಸಂಖ್ಯೆಯನ್ನು ಅಡ್ಡಕ್ಕೆ, ಸಿಲಿಕಾನ್-ಕ್ಯಾಲ್ಸಿಯಂ ಅನುಪಾತವನ್ನು ಉದ್ದಕ್ಕೆ ಇಟ್ಟು ಚಿತ್ರ ಬರೆಯಿರಿ. ಅಲ್ಯುಮಿನಿಯಂ, ಕಬ್ಬಿಣ, ಟೈಟೇನಿಯಂಗೂ ಹಾಗೇ ಮಾಡಿ. ಮೊದಲ ಹೊಡೆತದಲ್ಲಿ ಬರುವುದು ಬಹುಮಟ್ಟಿಗೆ ಸಡಿಲ ಧೂಳು. ಆಮೇಲೆ ಅನುಪಾತಗಳು ಇಳಿಯುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತವೆ. ಆ ಮಟ್ಟ ತಾಜಾ ಕಲ್ಲಿನ ಅಳತೆಗೆ ಹೊಂದಿದರೆ ನೀವು ಕಲ್ಲು ಮುಟ್ಟಿದ್ದೀರಿ. ಹೊಂದದಿದ್ದರೆ ಎರಡು ಕಾರಣ ಇರಬಹುದು. ಒಂದು, ಅಭ್ರಕದ ಎಳೆಯ ಮೇಲೆ ಬಿದ್ದಿದ್ದೀರಿ. ಆಗ ಪೊಟ್ಯಾಸಿಯಂನ 766.49 ಗೆರೆಯೂ ಜೊತೆಗೇ ಏರುತ್ತದೆ. ಎರಡು, ಗುಳಿ ಆಳವಾಗಿ ಅದರ ಗೋಡೆಯಿಂದ ಹಕ್ಕಳೆಯ ಪುಡಿ ಬೆರೆಯುತ್ತಿದೆ. ಆಗ ಅನುಪಾತ ಇಳಿಯುತ್ತಲೇ ಇರುತ್ತದೆ, ಆದರೆ ತಳ ಮುಟ್ಟುವುದೇ ಇಲ್ಲ. ಇದಕ್ಕೆ ಉಪಾಯ, ಮೊದಲು ಅಗಲ ಚುಕ್ಕೆಯಿಂದ ಕೆಲವು ಹೊಡೆತ ಹೊಡೆದು, ನಂತರ ಅದರ ನಡುವೆ ಸಣ್ಣ ಚುಕ್ಕೆಯಿಂದ ಅಳೆಯುವುದು.

ಒಂದು ಹೊಡೆತಕ್ಕೆ ಎಷ್ಟು ಮೈಕ್ರಾನ್ ಇಳಿಯಿತು ಎಂಬುದನ್ನು ಬೇರೆಯವರ ಪಟ್ಟಿಯಿಂದ ತೆಗೆದುಕೊಳ್ಳಬೇಡಿ. ನಿಮ್ಮ ಗುಳಿಯ ಆಳವನ್ನು ಮೈಕ್ರೋಸ್ಕೋಪ್‌ನಲ್ಲಿ ಅಳೆದು ಹೊಡೆತಗಳ ಸಂಖ್ಯೆಯಿಂದ ಭಾಗಿಸಿ. ಹಕ್ಕಳೆಗೊಂದು, ತಾಜಾ ಕಲ್ಲಿಗೊಂದು ಅಂತ ಬೇರೆ ಬೇರೆ ಮಾಡಿ. ಎರಡೂ ಒಂದೇ ವೇಗದಲ್ಲಿ ಕೊರೆಯುವುದಿಲ್ಲ.

ಲಿಬ್ಸ್ ಹೇಳದ ಮಾತು

ಅನುಪಾತ ಕೆಳಗಿಳಿದು ನಿಂತಿತು ಎಂದರೆ ಧೂಳು ಮುಗಿಯಿತು ಎಂದಷ್ಟೇ ಅರ್ಥ. ಜಿಪ್ಸಂ ಮುಗಿಯಿತು ಎಂದಲ್ಲ. ಧೂಳಿಲ್ಲದ ಬಿಳಿ ಜಿಪ್ಸಂ ಪದರ ಇನ್ನೂ ಕೆಳಗೆ ಇರಬಹುದು. ಗಂಧಕವನ್ನೇ ನೋಡಿದರೆ ಆಯಿತಲ್ಲ ಎನ್ನಿಸುತ್ತದೆ, ಆದರೆ ಅದರ ಬಲವಾದ ಗೆರೆಗಳು 180 ನ್ಯಾನೋಮೀಟರ್ ಸುತ್ತ ಇವೆ, ಗಾಳಿ ಅವನ್ನು ನುಂಗಿಬಿಡುತ್ತದೆ. 921 ನ್ಯಾನೋಮೀಟರ್ ಕಡೆ ಇರುವ ಗೆರೆಗಳು ದುರ್ಬಲ, ಅಷ್ಟು ದೂರ ನೋಡುವ ಸ್ಪೆಕ್ಟ್ರೋಮೀಟರ್ ಎಲ್ಲರ ಬಳಿಯೂ ಇರುವುದಿಲ್ಲ. ಜಿಪ್ಸಂನಲ್ಲಿ ನೀರಿದೆ ಎಂದು ಜಲಜನಕದ 656.28 ನೋಡಬಹುದು, ಆದರೆ ಕಲ್ಲಿನ ರಂಧ್ರಗಳ ತೇವವೂ ಅದೇ ಗೆರೆ ಕೊಡುತ್ತದೆ. ಇಂಗಾಲದ 247.86 ಕಂಡು ಮಸಿ ಎಂದು ಬರೆಯುವವರೂ ಇದ್ದಾರೆ. ಕ್ಯಾಲ್ಸೈಟ್‌ನಲ್ಲೇ ಇಂಗಾಲ ಇದೆ, ಆಕ್ಸಲೇಟ್‌ನಲ್ಲೂ ಇದೆ, ಪಕ್ಕದಲ್ಲೇ ಕಬ್ಬಿಣದ ಗೆರೆಯೂ ಇದೆ. ಆ ಒಂದು ಗೆರೆಯಿಂದ ಮಸಿ ಸಾಬೀತಾಗುವುದಿಲ್ಲ.

ಕ್ಯಾಲ್ಸೈಟ್, ಜಿಪ್ಸಂ, ಆಕ್ಸಲೇಟ್ ಮೂರೂ ಲಿಬ್ಸ್‌ನ ಕಣ್ಣಿಗೆ ಹೆಚ್ಚೂ ಕಡಿಮೆ ಬರೀ ಕ್ಯಾಲ್ಸಿಯಂ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಅಪಾಯ ನನಗೆ ಗೊತ್ತಿಲ್ಲ. ಉಳಿಸಲೇಬೇಕಾದ ಪದರ ಮತ್ತು ತೆಗೆಯಬಹುದಾದ ಪದರ ಒಂದೇ ಥರ ಕಾಣುತ್ತವೆ. ಆದ್ದರಿಂದ ಕೆಲವು ಹೊಡೆತಗಳ ನಂತರ ನಿಲ್ಲಿಸಿ, ಗುಳಿಯ ತಳಕ್ಕೆ ರಾಮನ್ ಇಳಿಸಿ. 1008 ಇದೆಯೇ, 1463 ಇದೆಯೇ, ಬರೀ 1086 ಇದೆಯೇ ನೋಡಿ. ಮತ್ತೆ ಕೆಲವು ಹೊಡೆತ, ಮತ್ತೆ ರಾಮನ್. ನಿಧಾನದ ಕೆಲಸ ಇದು. ಆದರೆ ನನ್ನ ಎಲೆಯ ಮಡಿಕೆಯ ಅಡಿಯಲ್ಲಿ ಧೂಳಿನ ಗೆರೆಗಳು ಇಳಿದ ಮೇಲೂ 1008 ಗಟ್ಟಿಯಾಗಿ ನಿಂತದ್ದನ್ನು ತೋರಿಸಿದ್ದು ಈ ಕ್ರಮವೇ.

ಸಾಧ್ಯವಿದ್ದರೆ ತಾನಾಗಿ ಉದುರಿದ ಹಕ್ಕಳೆಯ ಚೂರೊಂದನ್ನು ರಾಳದಲ್ಲಿ ಕೂರಿಸಿ, ಅಡ್ಡಕ್ಕೆ ಉಜ್ಜಿ ಪಾಲಿಶ್ ಮಾಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಗಂಧಕ ಎಲ್ಲಿಯವರೆಗೆ ಇಳಿದಿದೆ ನೋಡಿ. ಲೇಸರ್‌ನಿಂದ ಬಂದ ಆಳಕ್ಕೂ ಇದಕ್ಕೂ ತಾಳೆ ಬಂದರೆ ಮಾತ್ರ ಉಳಿದ ಬಿಂದುಗಳ ಅಂಕಿಗಳನ್ನು ಧೈರ್ಯವಾಗಿ ಬರೆಯಬಹುದು.

ವರದಿಯಲ್ಲಿ ಏನು ಬರೆಯಬೇಕು

ಸಂರಕ್ಷಣೆ ಮಾಡುವವರಿಗೆ ಗೆರೆಗಳ ಪಟ್ಟಿ ಕೊಟ್ಟರೆ ಉಪಯೋಗ ಇಲ್ಲ. ಪ್ರತಿ ಬಿಂದುವಿಗೂ ಮೂರು ಮಾತು ಹೇಳಿ: ಮಸಿ ಮತ್ತು ಧೂಳಿನ ಪದರ ಎಷ್ಟು ದಪ್ಪ, ಅದರ ಕೆಳಗೆ ಜಿಪ್ಸಂ ಎಷ್ಟು, ಆಕ್ಸಲೇಟ್ ಅಥವಾ ಬಣ್ಣ ಇದೆಯೇ. ಇದನ್ನು ಓದಿ ಅವರು ವಿಧಾನ ಆರಿಸುತ್ತಾರೆ. ಪಾರ್ಥೆನಾನ್‌ನ ಪಶ್ಚಿಮ ಭಾಗದ ಶಿಲ್ಪಪಟ್ಟಿಗೆ, ಕ್ರೀಟ್‌ನ ಹೆರಾಕ್ಲಿಯಾನ್‌ನಲ್ಲಿರುವ ಫೋರ್ತ್ ಸಂಶೋಧನಾ ಕೇಂದ್ರದವರು ರೂಪಿಸಿದ ವಿಧಾನದಲ್ಲಿ 1064 ಮತ್ತು 355 ನ್ಯಾನೋಮೀಟರ್ ಕಿರಣಗಳನ್ನು ಒಟ್ಟಿಗೆ ಬಿಟ್ಟರು. 1064 ಮಾತ್ರ ಬಳಸಿದರೆ ಕಲ್ಲು ಹಳದಿ ಕಾಣುವ ಸಾಧ್ಯತೆ ಇದೆ. 355 ಮಾತ್ರ ಬಳಸಿದರೆ ಅದಕ್ಕೂ ತನ್ನದೇ ತೊಂದರೆಗಳಿವೆ. ಎರಡರ ಪಾಲನ್ನು ಪದರಕ್ಕೆ ತಕ್ಕಂತೆ ಹೊಂದಿಸಬೇಕು. ಅದಕ್ಕೆ ಪದರ ಯಾವುದೆಂದು ಮೊದಲೇ ಗೊತ್ತಿರಬೇಕಲ್ಲ.

ಬಿಂದುವಿನ ಫೋಟೋ, ಪಲ್ಸ್‌ನ ಶಕ್ತಿ, ಚುಕ್ಕೆಯ ಅಗಲ, ಹೊಡೆತಗಳ ಸಂಖ್ಯೆ, ಆ ದಿನದ ತೇವಾಂಶ, ಇವೆಲ್ಲ ಪ್ರತಿ ಸ್ಪೆಕ್ಟ್ರಮ್‌ನ ಜೊತೆಗೇ ಇರಲಿ. ಭಾಗಿಸಿ, ಶುದ್ಧ ಮಾಡಿದ ಅಂಕಿಗಳ ಪಕ್ಕದಲ್ಲೇ ಮೂಲ ಕಡತಗಳನ್ನೂ ಇಡಿ. ಇನ್ನೊಬ್ಬರು ಬೇರೆ ಕ್ಯಾಲ್ಸಿಯಂ ಗೆರೆಯಿಂದ ಭಾಗಿಸಿ ನೋಡಬೇಕೆಂದರೆ ಅವರಿಗೆ ಬೇಕಾಗುವುದು ಆ ಕಡತಗಳೇ.